ಎರಡು ಹೆಸರಿನ ಊರು

ತಂದೆತಾಯಂದಿರು ಶಾಲೆಯಲ್ಲಿ ಬಳಸಿದ ಹಳೆಯ ಅಟ್ಲಾಸ್ ಮನೆಯಲ್ಲಿದ್ದರೆ ತೆಗೆದು ನೋಡಿ. ಗ್ರೀಸಿನ ಉತ್ತರಕ್ಕೆ ‘ಯುಗೊಸ್ಲಾವಿಯ’ ಎಂದಿರುತ್ತದೆ. ಇಂದಿನ ಅಟ್ಲಾಸ್‌ನಲ್ಲಿ ಅದೇ ಜಾಗದಲ್ಲಿ ‘ಉತ್ತರ ಮ್ಯಾಸಿಡೋನಿಯ’ ಎಂಬ ಪುಟ್ಟ ದೇಶವಿದೆ. ಈ ಹೊಸ ಹೆಸರಿಗೆ ಸಹಿ ಬಿದ್ದದ್ದು ಯಾವುದೇ ರಾಜಧಾನಿಯಲ್ಲಲ್ಲ, ನೂರು ಜನರೂ ಇಲ್ಲದ ಪ್ಸರಾದೆಸ್ ಎಂಬ ಗ್ರೀಕ್ ಹಳ್ಳಿಯಲ್ಲಿ.

ಗ್ರೀಸಿನ ವಾಯವ್ಯ ಮೂಲೆಯಲ್ಲಿ, ಸಮುದ್ರಮಟ್ಟದಿಂದ ಸುಮಾರು 850 ಮೀಟರ್ ಎತ್ತರದಲ್ಲಿ, ದೊಡ್ಡ ಪ್ರೆಸ್ಪಾ ಸರೋವರವಿದೆ. ಗ್ರೀಸ್, ಅಲ್ಬೇನಿಯ, ಉತ್ತರ ಮ್ಯಾಸಿಡೋನಿಯ ಈ ಮೂರರ ಗಡಿಗಳೂ ಕೂಡುವುದು ಅದರ ನೀರಿನ ಮೇಲೆಯೇ. ಗಡಿಕಲ್ಲು ನೆಡುವುದಾದರೂ ಎಲ್ಲಿ! ಈ ಸರೋವರದಿಂದ ಹೊಳೆಯೊಂದೂ ಹೊರಗೆ ಹರಿಯುವುದಿಲ್ಲ. ಸುಣ್ಣಕಲ್ಲಿನ ಬೆಟ್ಟದೊಳಗೆ ಇಂಗಿದ ನೀರು, ಸುಮಾರು 150 ಮೀಟರ್ ಕೆಳಗಿರುವ ಒಹ್ರಿಡ್ ಸರೋವರದ ಬಳಿ ಬುಗ್ಗೆಯಾಗಿ ಏಳುತ್ತದೆ. ಪಕ್ಕದಲ್ಲೇ ಚಿಕ್ಕ ಪ್ರೆಸ್ಪಾ. ನಮ್ಮ ಕೊಕ್ಕರೆ ಬೆಳ್ಳೂರಿನ ಹೆಜ್ಜಾರ್ಲೆಯ ಹತ್ತಿರದ ಬಂಧುವಾದ ಡಾಲ್ಮೇಷಿಯನ್ ಹೆಜ್ಜಾರ್ಲೆ ಅಲ್ಲಿ ಗೂಡು ಕಟ್ಟುತ್ತದೆ.

ದೊಡ್ಡ ಸರೋವರದ ಗ್ರೀಕ್ ದಂಡೆಯಲ್ಲಿರುವ ಒಂದೇ ಹಳ್ಳಿ ಪ್ಸರಾದೆಸ್. ಗ್ರೀಕ್ ಭಾಷೆಯಲ್ಲಿ ‘ಮೀನುಗಾರರು’ ಎಂದರ್ಥ. ಹತ್ತಿರದ ಬಂಡೆಯ ಗವಿಯಲ್ಲಿ 15ನೇ ಶತಮಾನದ ಆರಂಭದ ಪುಟ್ಟ ಚರ್ಚಿದೆ. ಅಲ್ಲಿಗೆ ದೋಣಿಯಲ್ಲೇ ಹೋಗಬೇಕು.

ಆದರೆ ಊರಿನ ಹಳೆಯ ಹೆಸರು ಇದಲ್ಲ, ನಿವಿತ್ಸಿ. ಅದು ಸ್ಲಾವ್ ಭಾಷೆಯ ಹೆಸರು. ಊರವರ ಮನೆಮಾತೂ ಅದೇ ಆಗಿತ್ತು. ಬಾಲ್ಕನ್ ಯುದ್ಧಗಳಲ್ಲಿ ತುರ್ಕರ ಆಟೊಮನ್ ಆಳ್ವಿಕೆ ಕೊನೆಗೊಂಡು, 1913ರಲ್ಲಿ ಊರು ಗ್ರೀಸಿಗೆ ಸೇರಿತು. 1920ರ ದಶಕದಲ್ಲಿ ಸರ್ಕಾರ ಇಂಥ ನೂರಾರು ಊರುಗಳಿಗೆ ಗ್ರೀಕ್ ಹೆಸರಿಟ್ಟಿತು. ಹೆಸರು ಹೋದದ್ದು ಸಣ್ಣ ನಷ್ಟವೇ ಎನ್ನಬೇಕು, ಮುಂದೆ ಜನರೇ ಹೋದರು. 1946ರಿಂದ 1949ರವರೆಗೆ ನಡೆದ ಅಂತರ್ಯುದ್ಧದಲ್ಲಿ ಪ್ರೆಸ್ಪಾ ಸೀಮೆ ಕಮ್ಯುನಿಸ್ಟ್ ಪಡೆಗಳ ನೆಲೆಯಾಗಿತ್ತು. 1948ರಲ್ಲಿ ಸಾವಿರಾರು ಮಕ್ಕಳನ್ನು ಗಡಿ ದಾಟಿಸಿ ಯುಗೊಸ್ಲಾವಿಯ, ಹಂಗೇರಿ, ಪೋಲೆಂಡ್ ಮುಂತಾದ ದೇಶಗಳಿಗೆ ಕಳಿಸಲಾಯಿತು. ಮರುವರ್ಷದ ಸೋಲಿನ ನಂತರ ದೊಡ್ಡವರೂ ಊರು ಬಿಟ್ಟರು. 1982ರಲ್ಲಿ ಗ್ರೀಸ್ ಇವರಿಗೆ ಮರಳಲು ಅನುಮತಿ ಕೊಟ್ಟಿತಾದರೂ ‘ಕುಲದಿಂದ ಗ್ರೀಕರಾದವರಿಗೆ’ ಮಾತ್ರ. ಸ್ಲಾವ್ ಮಾತಿನವರೆಂದು ಗುರುತಿಸಿಕೊಂಡವರಿಗೆ ಹುಟ್ಟಿದೂರಿನ ಬಾಗಿಲು ಹಾಕಿಯೇ ಉಳಿಯಿತು.

1991ರಲ್ಲಿ ಯುಗೊಸ್ಲಾವಿಯದಿಂದ ಬೇರೆಯಾದ ನೆರೆಯ ದೇಶ ‘ಮ್ಯಾಸಿಡೋನಿಯ’ ಎಂದು ಕರೆದುಕೊಂಡಾಗ ಗ್ರೀಸ್ ಸಿಟ್ಟಾಯಿತು. ಅಲೆಗ್ಸಾಂಡರನ ನಾಡಿನ ಹೆಸರು ತನ್ನದು, ತನ್ನ ಉತ್ತರ ಪ್ರಾಂತ್ಯಕ್ಕೂ ಅದೇ ಹೆಸರಿದೆ ಎಂಬುದು ಅದರ ವಾದ. 27 ವರ್ಷ ಎಳೆದಾಡಿದ ಈ ಜಗಳಕ್ಕೆ 2018ರ ಜೂನ್ 17ರಂದು ಪ್ಸರಾದೆಸ್‌ನ ದಂಡೆಯಲ್ಲಿ ಒಪ್ಪಂದವಾಯಿತು. ಆಚೆಯ ಪ್ರಧಾನಿ ಜೋರನ್ ಜಾಯೆವ್ ದೋಣಿಯಲ್ಲೇ ಬಂದರು. ಈಚೆಯ ಪ್ರಧಾನಿ ಅಲೆಕ್ಸಿಸ್ ತ್ಸಿಪ್ರಾಸ್ ಎದುರುಗೊಂಡರು. ಎರಡೂ ದೇಶಗಳಲ್ಲಿ ಪ್ರತಿಭಟನೆಗಳಾದವು. ಆದರೂ 2019ರ ಫೆಬ್ರವರಿಯಲ್ಲಿ ಹೊಸ ಹೆಸರು ಜಾರಿಗೆ ಬಂತು.

ಸಹಿಯ ದಿನ ಊಟದ ಏರ್ಪಾಡು ಎದುರು ದಂಡೆಯ ಒಟೆಶೆವೊದಲ್ಲಿತ್ತು. ಎಲ್ಲರೂ ದೋಣಿ ಹತ್ತಿ, ನೀರಿನ ಮೇಲಿನ ಆ ಕಾಣದ ಗೆರೆ ದಾಟಿ ಊಟಕ್ಕೆ ಹೋದರು.