ಮೊಲದ ಹಿಕ್ಕೆಯನ್ನೂ ನೋಡಬೇಕು

ಮತ್ತಿಗಿರಿಯೆಂದರೆ ದನಕರುಗಳ ಊರು. 1824ರಲ್ಲಿ ಕಂಪನಿ ಸರ್ಕಾರದ ಸೈನ್ಯಕ್ಕಾಗಿ ಇಲ್ಲಿ ಆರಂಭವಾದ ಪಶುಪಾಲನಾ ಕ್ಷೇತ್ರಕ್ಕೆ ಎರಡು ನೂರು ವರ್ಷ ತುಂಬಿದೆ. ಎತ್ತಿನ ಮೂತಿ ಒಣಗಿದ್ದರೆ ಜ್ವರವೆಂದು ದೂರದಿಂದಲೇ ಹೇಳಬಲ್ಲ ಹಿರಿಯರು ಈಗಲೂ ನಮ್ಮ ಹಳ್ಳಿಗಳಲ್ಲಿ ಉಂಟು. ಆದರೆ ಮಕ್ಕಳ ಹಟಕ್ಕೆ ಹೊಸೂರಿನ ಪೇಟೆಯಿಂದ ಮೊಲ ತಂದಾಗ ಮಾತ್ರ ನಮ್ಮ ಆ ಕಣ್ಣು ಮುಚ್ಚಿಹೋಗುತ್ತದೆ. ಅದನ್ನು ನಾವು ಗೊಂಬೆಯೆಂದು ಬಗೆಯುತ್ತೇವೆ.

ನಮ್ಮ ಮನೆಯಲ್ಲೂ ಹೀಗೇ ಆಯಿತು. ಒಂದು ಸಂಜೆ ಬಿಳಿ ಮೊಲ ಸೊಪ್ಪು ಮುಟ್ಟಲಿಲ್ಲ. ನಾಳೆ ತಿಂದೀತೆಂದು ಸುಮ್ಮನಾದೆವು. ಮಾರನೆಯ ಸಂಜೆಗೆ ಅದು ಸತ್ತುಬಿದ್ದಿತ್ತು. ಹಸು ಒಂದು ಹೊತ್ತು ಮೇವು ಬಿಟ್ಟರೆ ಮನೆಮಂದಿಯೆಲ್ಲ ಎದ್ದು ಕೂರುವ ನಾವು ಮೊಲದ ವಿಷಯದಲ್ಲಿ ನಾಳೆ ಎಂದದ್ದೇ ತಪ್ಪು. ಬೇಟೆಗೆ ಸಿಕ್ಕುವ ಪ್ರಾಣಿಯಾದುದರಿಂದ ಮೊಲ ತನ್ನ ನೋವನ್ನು ಬಚ್ಚಿಡುತ್ತದೆ. ನಮಗೆ ತಿಳಿಯುವ ಹೊತ್ತಿಗೆ ರೋಗ ಬಲಿತಿರುತ್ತದೆ. ಅರ್ಧ ದಿನ ಮೇವು ತಿನ್ನದೆ, ಹಿಕ್ಕೆ ಹಾಕದೆ ಇದ್ದರೆ ಕರುಳಿನ ಚಲನೆ ನಿಲ್ಲುತ್ತಿದೆಯೆಂದು ತಿಳಿದು ಅಂದೇ ಪಶುವೈದ್ಯರ ಬಳಿಗೆ ಒಯ್ಯಬೇಕು.

ಆದುದರಿಂದ ಮೊಲಕ್ಕೆ ಔಷಧಕ್ಕಿಂತ ದಿನದ ನೋಟವೇ ಮುಖ್ಯವೆಂಬುದು ನಮ್ಮ ಅಭಿಪ್ರಾಯ. ಬೆಳಗ್ಗೆ ಗೂಡಿನ ಕೆಳಗೆ ನೋಡಿರಿ. ಹಿಕ್ಕೆ ದುಂಡಗೆ, ಒಂದೇ ಅಳತೆಯಲ್ಲಿ ಇರಬೇಕು. ಚಿಕ್ಕದಾದರೂ ಕಡಿಮೆಯಾದರೂ ಎಚ್ಚರ. ರಾತ್ರಿ ಹಾಕುವ ಮೆತ್ತನೆಯ ಹಿಕ್ಕೆಯನ್ನು ಮೊಲ ತಾನೇ ತಿನ್ನುವುದು ರೋಗವಲ್ಲ, ಅದರ ಸ್ವಭಾವ. ತಲೆ ಕೊಡವುತ್ತಿದ್ದು ಕಿವಿಯೊಳಗೆ ಹೊಪ್ಪಳೆ ಕಂಡರೆ ಕಜ್ಜಿಹುಳು. ಸೀನುತ್ತಿದ್ದು ಮುಂಗಾಲಿನ ಒಳಮೈ ಕೂದಲು ಅಂಟಿಕೊಂಡಿದ್ದರೆ ಮೂಗು ಸೋರುತ್ತಿದೆ. ಮರಿಗಳ ಹೊಟ್ಟೆ ಉಬ್ಬಿ ಭೇದಿಯಾದರೆ ಕಾಕ್ಸಿಡಿಯಾ ರೋಗದ ಶಂಕೆ. ಒದ್ದೆ ಗೂಡೇ ಅದರ ತವರು. ಹಲ್ಲು ಆಯುಷ್ಯವಿಡೀ ಬೆಳೆಯುವುದರಿಂದ ಅದು ಸವೆಯಲು ಒಣಹುಲ್ಲು ಸದಾ ಇರಬೇಕು. ವಾರಕ್ಕೊಮ್ಮೆ ತರಕಾರಿ ತಕ್ಕಡಿಯಲ್ಲಿ ತೂಗಿರಿ.

ಎಲ್ಲ ತಳಿಗೂ ಒಂದೇ ಆರೈಕೆ ಸಾಲದು. ವೈಟ್ ಜೈಂಟ್, ಸೋವಿಯತ್ ಚಿಂಚಿಲ್ಲಾ ಮುಂತಾದವು ನಾಲ್ಕು ಕಿಲೋಗೂ ಮೀರಿ ಬೆಳೆಯುವ ಭಾರದ ಮೊಲಗಳು. ಬರಿಯ ತಂತಿಬಲೆಯ ಮೇಲೆ ನಿಂತು ಅವುಗಳ ಹಿಂಗಾಲಿನ ಅಡಿ ಹುಣ್ಣಾಗುತ್ತದೆ. ಮಲಗಲು ಒಂದು ಹಲಗೆ ಇಡಿರಿ. ಅಂಗೋರಾ ಮೊಲಕ್ಕೆ ಉಣ್ಣೆಯೇ ಶತ್ರು. ಮೈ ನೆಕ್ಕಿದಾಗ ನುಂಗಿದ ಕೂದಲು ಹೊಟ್ಟೆಯಲ್ಲಿ ಕಟ್ಟೀತು. ಆದುದರಿಂದ ಬಾಚುತ್ತಿರಬೇಕು, ಎರಡೂವರೆ ಮೂರು ತಿಂಗಳಿಗೊಮ್ಮೆ ಕತ್ತರಿಸಬೇಕು. ಕೇಂದ್ರ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯವರು ಕೊಡೈಕನಾಲಿನ ಬೆಟ್ಟದ ಮನ್ನವನೂರಿನಲ್ಲಿಯೂ ಮೊಲ ಸಾಕುತ್ತಾರೆ. ಅಂಥ ತಂಪಿನ ಮರಿಗೆ ಕೃಷ್ಣಗಿರಿಯ ಬೇಸಿಗೆ ಹೊಂದೀತೇ? ಮೊಲ ಬೆವರುವುದಿಲ್ಲ, ಕಿವಿಯಿಂದಲೇ ಕಾವು ಕಳೆಯಬೇಕು. ಬಾಯಿ ತೆರೆದು ಏದುಸಿರು ಬಿಟ್ಟರೆ ನೆರಳಿಗೆ ಒಯ್ದು, ಕಿವಿಗೆ ತಣ್ಣೀರು ಸವರಿರಿ. ಗೂಡಿನ ಮೇಲೆ ಒದ್ದೆ ಗೋಣಿ ಹಾಸಿದರೂ ಗಾಳಿ ತಡೆಯಬಾರದು.

ನಮ್ಮ ಕಡೆ ಕೋಸಿನ ಬೆಳೆ ಹೆಚ್ಚು. ಉಳಿದ ಎಲೆಯನ್ನು ರಾಶಿ ರಾಶಿಯಾಗಿ ಮೊಲಕ್ಕೆ ಸುರಿಯುವವರಿದ್ದಾರೆ. ಹಠಾತ್ತಾಗಿ ಹೆಚ್ಚು ತಿಂದರೆ ಹೊಟ್ಟೆಯುಬ್ಬರ. ಔಷಧಿ ಹೊಡೆದ ಎಲೆಯಾದರೆ ವಿಷವೇ ಸರಿ. ಯಾವ ಮೇವನ್ನಾದರೂ ಸ್ವಲ್ಪ ಸ್ವಲ್ಪವಾಗಿ ರೂಢಿಸಬೇಕು.

ಅಂಗಡಿಯ ಔಷಧದ ವಿಷಯದಲ್ಲಂತೂ ಕೈ ಬಿಗಿಹಿಡಿಯಿರಿ. ಮನುಷ್ಯರಿಗೆ ಕೊಡುವ ಅಮಾಕ್ಸಿಸಿಲಿನ್ ಮೊಲದ ಬಾಯಿಗೆ ಹೋದರೆ ಕರುಳಿನ ಒಳ್ಳೆಯ ಜೀವಾಣುಗಳು ನಾಶವಾಗಿ ಪ್ರಾಣಕ್ಕೆ ಅಪಾಯ. ನಾಯಿಯ ಉಣ್ಣಿಗೆ ಹಚ್ಚುವ ಫಿಪ್ರೊನಿಲ್ ಮೊಲಕ್ಕೆ ತಾಗಕೂಡದು. ವೈದ್ಯರ ಬಳಿಗೆ ಹೋದಾಗ, ಇದು ಮೊಲವೆಂದು ಮೊದಲೇ ಹೇಳಿರಿ.

ಇನ್ನೊಂದು ಮಾತು. ಹೊಲದಲ್ಲಿ ಸಿಕ್ಕ ಕಾಡುಮೊಲದ ಮರಿಯನ್ನು ಮನೆಗೆ ತರಕೂಡದು. 1972ರ ವನ್ಯಜೀವಿ ಕಾಯಿದೆ ಅದಕ್ಕೆ ರಕ್ಷಣೆ ಕೊಟ್ಟಿದೆ. ಸಾಕುಮೊಲದ ಮರಿ ಕೂದಲಿಲ್ಲದೆ, ಕಣ್ಣು ಮುಚ್ಚಿ ಹುಟ್ಟುತ್ತದೆ. ಕಾಡುಮೊಲದ್ದು ಕೂದಲು ತುಂಬಿ, ಕಣ್ಣು ತೆರೆದೇ ಹುಟ್ಟುತ್ತದೆ. ಒಂಟಿಯಾಗಿ ಕಂಡರೂ ಅದರ ತಾಯಿ ದೂರವಿರುವುದಿಲ್ಲ.

ಕೊನೆಗೆ ನಮ್ಮ ಸಲಹೆ ಇಷ್ಟೆ. ಮೊಲ ಬೇಕೆಂದು ಹಟ ಹಿಡಿದ ಮಗುವಿನ ಕೈಗೆ ಮೊದಲು ಒಂದು ನೋಟುಪುಸ್ತಕ ಕೊಡಿರಿ. ದಿನದ ಮೇವು, ಹಿಕ್ಕೆ, ವಾರದ ತೂಕವನ್ನು ಅದು ಕನ್ನಡದಲ್ಲಿ ಬರೆಯಲಿ. ಶಾಲೆಯಲ್ಲಿ ಬೇರೆ ಭಾಷೆ ಕಲಿಯುವ ನಮ್ಮ ಮಕ್ಕಳಿಗೆ ಮನೆಮಾತಿನಲ್ಲಿ ನಾಲ್ಕು ಸಾಲು ಬರೆಯಲು ಇದಕ್ಕಿಂತ ಒಳ್ಳೆಯ ನೆಪವುಂಟೇ? ಒಂದು ತಿಂಗಳು ತಪ್ಪದೆ ಬರೆದ ಮಗುವಿನ ಮೊಲ ಕಾಯಿಲೆ ಬಿದ್ದರೂ ಅದು ಬೇಗ ಕಣ್ಣಿಗೆ ಬಿದ್ದೀತು. ಬರೆಯಲಾರೆವೆನ್ನುವ ಮನೆಯವರು ಮೊಲ ತರದಿರುವುದೇ ಲೇಸು.