ಕಡೆಗೆ ಉಣ್ಣುವವಳ ತಾಟು

ದಾನಿಯೇಲನೂ ಅವನ ಮೂವರು ಗೆಳೆಯರೂ ಬಾಬೆಲಿನ ಅರಮನೆಯಲ್ಲಿ ರಾಜಭೋಜನವನ್ನು ಒಲ್ಲೆವೆಂದು, ಹತ್ತು ದಿನಗಳ ವರೆಗೆ ಕಾಯಿಪಲ್ಯವನ್ನೂ ನೀರನ್ನೂ ಸೇವಿಸಿ, ಅರಸನ ಅಡಿಗೆಯನ್ನುಂಡವರಿಗಿಂತ ಕಳೆಯುಳ್ಳವರಾಗಿ ಕಂಡ ವೃತ್ತಾಂತವನ್ನು ನಮ್ಮ ಶಾಲೆಯ ಹುಡುಗಿಯರೆಲ್ಲರೂ ಬಲ್ಲರು. ಇಂದಿನ ವಿದ್ವಾಂಸರ ಪರೀಕ್ಷೆಗಳು ಹತ್ತು ದಿನಗಳಲ್ಲಿ ಮುಗಿಯುವಂಥವಲ್ಲ. 2020ರಲ್ಲಿ ಇಂಗ್ಲೆಂಡಿನ ಪಂಡಿತರು ಐದು ಲಕ್ಷಕ್ಕೂ ಮೇಲ್ಪಟ್ಟ ಜನರ ಊಟದ ವಿವರಗಳನ್ನು ತಮ್ಮ ಸರಕಾರದ ಆಹಾರಸೂಚನೆಗಳೊಡನೆ ಹೋಲಿಸಿ ಪ್ರಕಟಿಸಿದರು. ಒಂಬತ್ತು ಸೂಚನೆಗಳಲ್ಲಿ ಐದನ್ನಾದರೂ ಪಾಲಿಸಿದವರಿಗೆ, ಎರಡಕ್ಕಿಂತ ಹೆಚ್ಚು ಪಾಲಿಸದವರಿಗಿಂತ, ಅಕಾಲದಲ್ಲಿ ಸಾಯುವ ಸಂಭವವು ನೂರಕ್ಕೆ 7ರಷ್ಟು ಕಡಿಮೆಯೆಂದು ಕಂಡುಬಂದಿತು. ಚೆನ್ನಾಗಿ ಉಣ್ಣುವವರು ಅನೇಕ ಸಲ ಉಳ್ಳವರೂ ಆಗಿರುವದರಿಂದ ಇದೆಲ್ಲವೂ ಊಟದ ಫಲವೇ ಎಂದು ನಾವು ಸಾಧಿಸಹೊರಟಿಲ್ಲ. ಆದರೂ ಕಾಯಿಪಲ್ಯ, ಹಣ್ಣುಗಳ ಸೂಚನೆಯೇ ಎಲ್ಲಕ್ಕಿಂತ ಹೆಚ್ಚು ಫಲಕಾರಿಯಾಗಿ ಕಂಡಿತೆಂಬದು ಲಕ್ಷ್ಯದಲ್ಲಿಡತಕ್ಕ ಮಾತು.

ನಮ್ಮ ದೇಶಕ್ಕೂ ಇಂಥ ಸೂಚನೆಗಳುಂಟು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2024ರಲ್ಲಿ ಹದಿನೇಳು ಸೂಚನೆಗಳನ್ನು ಹೊರಡಿಸಿ, ದೇಶದ ರೋಗಭಾರದಲ್ಲಿ ನೂರಕ್ಕೆ 56.4 ಪಾಲು ಅಹಿತವಾದ ಆಹಾರದಿಂದಲೇ ಬರುವದೆಂದು ಅಂದಾಜು ಹೇಳಿತು. ದಿನವೊಂದಕ್ಕೆ ಒಬ್ಬರಿಗೆ 250 ಗ್ರಾಮ್ ಧಾನ್ಯ, 400 ಗ್ರಾಮ್ ಕಾಯಿಪಲ್ಯ, 100 ಗ್ರಾಮ್ ಹಣ್ಣು, 85 ಗ್ರಾಮ್ ಬೇಳೆಕಾಳು ಅಥವಾ ತತ್ತಿ ಮಾಂಸ, 300 ಮಿಲಿಲೀಟರ್ ಹಾಲು. ಉಪ್ಪು 5 ಗ್ರಾಮಿಗೆ ಮೀರಕೂಡದು. (ಈ ಲೆಕ್ಕವು ಕುಳಿತು ಕೆಲಸ ಮಾಡುವವರದು. 250 ಗ್ರಾಮ್ ಹಿಟ್ಟಿನ ರೊಟ್ಟಿಯನ್ನು ನಮ್ಮ ಹೊಲದ ಆಳು ಒಂದೇ ಹೊತ್ತಿಗೆ ಉಂಡಾನು.)

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಜನರು ಇದನ್ನೋದಿ, ಇದರಲ್ಲಿ ಹೊಸದೇನು, ನಮ್ಮ ಹಿರಿಯರ ಊಟವೇ ಇದಲ್ಲವೇ ಎಂದು ಕೇಳಬಹುದು. ಆ ಮಾತಿನಲ್ಲಿ ಸತ್ಯಾಂಶವಿದೆ. ಡೋಣಿ ಸಾಲಿನ ಎರೆಭೂಮಿಯ ಬಿಳಿಜೋಳ, ಮಡಿಕೆ ಹೆಸರು ಕಡಲೆಗಳ ಪಲ್ಯ, ಹಸಿಯಾಗಿಯೇ ತಿನ್ನುವ ಹಕ್ಕರಿಕೆ, ಮೆಂತ್ಯ, ಪುಂಡಿಪಲ್ಯ, ಶೇಂಗಾಹಿಂಡಿ, ಗಟ್ಟಿ ಮೊಸರು, ಇವುಗಳಿಗಿಂತ ಉತ್ತಮವಾದ ತಾಟನ್ನು ಯಾವ ಪಂಡಿತನೂ ಕಲ್ಪಿಸಲಾರನು. ಎಳ್ಳಮವಾಸ್ಯೆಯ ದಿನ ಚರಗ ಚೆಲ್ಲಿ ಹೊಲದಲ್ಲಿ ಸಾಲುಗಟ್ಟಿ ಉಣ್ಣುವಾಗ ಸಜ್ಜೆರೊಟ್ಟಿಯ ಜತೆಗೆ ಎಷ್ಟು ಬಗೆಯ ಕಾಯಿ ಕಾಳು ಕೂಡಿದ ಭಜ್ಜಿ ಇರುವದೆಂಬುದನ್ನು ವಾಚಕರು ನೆನಪಿಗೆ ತಂದುಕೊಳ್ಳಲಿ.

ಆದರೆ ವರುಷಕ್ಕೊಮ್ಮೆಯ ಎಳ್ಳಮವಾಸ್ಯೆಯು ದಿನದ ಊಟವಲ್ಲ. ದಿನದ ಊಟವು ಎಷ್ಟೋ ಮನೆಗಳಲ್ಲಿ ರೊಟ್ಟಿ, ಖಾರ, ಒಂದು ಉಳ್ಳಾಗಡ್ಡಿ. ಬರೇ ಜೋಳವನ್ನು ನೆಚ್ಚಿದರೆ ಏನಾಗುವದೆಂಬುದಕ್ಕೆ ದಖ್ಖನದ ಇತಿಹಾಸವೇ ಸಾಕ್ಷಿ. ಬಿಸಿಲು ತಗಲುವ ಕೈ ಕುತ್ತಿಗೆಗಳ ಚರ್ಮವು ಕಪ್ಪಾಗಿ ಸುಲಿದು, ಭೇದಿ ಹತ್ತಿ, ಕಡೆಗೆ ಬುದ್ಧಿಯೇ ಭ್ರಮಿಸುವ ಪೆಲಾಗ್ರವೆಂಬ ವ್ಯಾಧಿಯು ಜೋಳವುಣ್ಣುವ ಬಡವರಲ್ಲಿ ತೋರುತ್ತಿದ್ದಿತು. 1960ರಲ್ಲಿ ಹೈದರಾಬಾದಿನ ಡಾ. ಸಿ. ಗೋಪಾಲನ್ ಮತ್ತು ಅವರ ಸಂಗಡಿಗರು ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಅಂಶಕ್ಕೂ ಆ ವ್ಯಾಧಿಗೂ ಸಂಬಂಧವಿರಬಹುದೆಂದು ಬರೆದರು. ಬೇಳೆ, ಹಾಲು, ತತ್ತಿ, ಮಾಂಸಗಳು ಜತೆಗಿರುವ ಮನೆಗೆ ಆ ವ್ಯಾಧಿಯ ಭಯವಿಲ್ಲ. ಆದಕಾರಣ ಜೋಳದ ಸ್ತುತಿಯು ಪಲ್ಯವಿಲ್ಲದ ತಾಟಿಗೆ ಸಲ್ಲದು. 2013ರಲ್ಲಿ ಆರಂಭವಾದ ಅನ್ನಭಾಗ್ಯದ ಅಕ್ಕಿಯಿಂದ ರೊಟ್ಟಿ ಕಡಿಮೆಯಾಯಿತೆಂದು ದೂರುವವರೂ ಉಂಟು. ಒಲೆಯ ಮುಂದೆ ಕುಳಿತು ದಿನಾಲು ಇಪ್ಪತ್ತು ರೊಟ್ಟಿ ಬಡಿಯುವವಳು ಹೀಗೆ ದೂರಿದ್ದನ್ನು ಮಾತ್ರ ನಾವು ಕೇಳಿಲ್ಲ.

ನಮ್ಮ ಮುಖ್ಯ ಅಭಿಪ್ರಾಯವು ಇಲ್ಲಿಯೇ ಇದೆ. ಸೂಚನೆಗಳು ಒಬ್ಬೊಬ್ಬರ ಲೆಕ್ಕದಲ್ಲಿವೆ. ನಮ್ಮಲ್ಲಿ ಅಡಿಗೆಯಾಗುವದು ಮನೆಯ ಲೆಕ್ಕದಲ್ಲಿ. ಬೋಗುಣಿಯ ತುಂಬ ಪಲ್ಯವಿದ್ದರೂ ಮೊದಲು ಗಂಡಸರಿಗೆ, ಬಳಿಕ ಗಂಡುಮಕ್ಕಳಿಗೆ, ಅತ್ತೆಮಾವಂದಿರಿಗೆ, ಹುಡುಗಿಯರಿಗೆ ಬಡಿಸಿ, ಎಲ್ಲರೂ ಎದ್ದ ಮೇಲೆ ತಾಯಿಯು ಕೂಡ್ರುವಾಗ ಉಳಿದಿರುವದು ರೊಟ್ಟಿ ಮತ್ತು ತಳದ ಎಣ್ಣೆ. ಯಾರೂ ಅವಳಿಗೆ ಬೇಡವೆನ್ನಲಿಲ್ಲ. ಬೇಕೆಂದು ಕೇಳುವದೂ ಅವಳಿಗೆ ತಿಳಿಯದು. 2019–20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರುಷದ ಸ್ತ್ರೀಯರಲ್ಲಿ ನೂರಕ್ಕೆ 47.8 ಜನರು ರಕ್ತಹೀನರೆಂದು ತಿಳಿದುಬಂದಿತು. ರಕ್ತಹೀನಳಾದ ಬಸುರಿಗೆ ಹೆರಿಗೆಯ ರಕ್ತಸ್ರಾವವನ್ನು ತಾಳುವ ಶಕ್ತಿಯಿರದು. ನಮ್ಮ ಸೀಮೆಯಲ್ಲಿ ಊಟಕ್ಕೂ ಅಕಾಲಮರಣಕ್ಕೂ ಇರುವ ಸಂಬಂಧವನ್ನು ಕಾಣಲು ಇಂಗ್ಲೆಂಡಿನ ಲೆಕ್ಕದ ಅವಶ್ಯವಿಲ್ಲ.

2021ರ ದಶಂಬರದಲ್ಲಿ ಸರಕಾರವು ನಮ್ಮ ವಿಜಯಪುರವೂ ಸೇರಿದಂತೆ ಏಳು ಜಿಲ್ಲೆಗಳ ಶಾಲೆಗಳಲ್ಲಿ ಮಕ್ಕಳಿಗೆ ತತ್ತಿಯನ್ನೂ, ತತ್ತಿ ತಿನ್ನದವರಿಗೆ ಬಾಳೆಹಣ್ಣನ್ನೂ ಕೊಡತೊಡಗಿದಾಗ ಬಹಳ ವಾದವಾಯಿತು. ತಿನ್ನದವರಿಗೆ ಒತ್ತಾಯವಿಲ್ಲದಿದ್ದಾಗ ತಿನ್ನುವವರಿಗೆ ಅಡ್ಡಿಯೂ ಇರಬಾರದೆಂಬದು ನಮ್ಮ ಮತ. ಆ ವಾದದಲ್ಲಿ ಹೆಚ್ಚು ಕೇಳಿಬಾರದ ಸಂಗತಿಯೊಂದಿದೆ: ಶಾಲೆಯ ಪಂಕ್ತಿಯಲ್ಲಿ ಹುಡುಗನಿಗೂ ಹುಡುಗಿಗೂ ಸಮಸಮನಾಗಿ, ಒಂದೇ ಹೊತ್ತಿಗೆ, ಒಂದೊಂದು ತತ್ತಿ ಬಂದಿತು.

ಮನೆಯಲ್ಲಿ ಇದನ್ನು ಸಾಧಿಸಲು ಹಣಕ್ಕಿಂತ ಕ್ರಮವು ಮುಖ್ಯ. ಪಲ್ಯವನ್ನು ಬಡಿಸುವ ಮೊದಲೇ ತಾಯಿಯ ಪಾಲನ್ನು ಬೇರೆ ಬಟ್ಟಲಿನಲ್ಲಿ ತೆಗೆದಿಡಬೇಕು. ಇಂಡಿಯ ನಿಂಬೆ ದೇಶವೆಲ್ಲ ಸಂಚರಿಸುವದು. ಅದರ ಅರ್ಧ ಹೋಳನ್ನು ಸೊಪ್ಪಿನ ಮೇಲೆ ಹಿಂಡಿದರೆ ಸೊಪ್ಪಿನ ಕಬ್ಬಿಣಾಂಶವು ಹೆಚ್ಚಾಗಿ ಮೈಗೆ ಹತ್ತುವದು. ಊಟದ ಬೆನ್ನಿಗೇ ಚಹಾ ಕುಡಿದರೆ ಅದೇ ಅಂಶವು ಪೋಲಾಗುವದು. ಚಹಾಕ್ಕೂ ಊಟಕ್ಕೂ ಒಂದು ತಾಸಿನ ಅಂತರವಿರಲಿ.

ನಮ್ಮ ವಿದ್ಯಾರ್ಥಿನಿಯರಿಗೆ ಒಂದು ಕೆಲಸವನ್ನು ಸೂಚಿಸುವೆವು. ಬರುವ ರಜೆಯಲ್ಲಿ ಹತ್ತು ದಿನ, ದಾನಿಯೇಲನ ಹತ್ತೇ ದಿನ, ನಿಮ್ಮ ತಾಯಿಯು ಎಷ್ಟು ಗಂಟೆಗೆ ಉಂಡಳು, ತಾಟಿನಲ್ಲಿ ಏನೇನಿದ್ದಿತು ಎಂಬುದನ್ನು ವಹಿಯಲ್ಲಿ ಬರೆಯಿರಿ. ಮೊದಲ ಐದು ದಿನ ಏನೂ ಹೇಳದೆ ಬರೆಯಿರಿ. ಆರನೆಯ ದಿನದಿಂದ ಬಡಿಸುವ ಚಮಚವನ್ನು ಅವಳ ಕೈಯಿಂದ ತೆಗೆದುಕೊಂಡು ಎಲ್ಲರೊಡನೆ ಅವಳನ್ನು ಕೂಡ್ರಿಸಿ, ಬರೆಯಿರಿ. ರಜೆ ತೀರಿದ ಮೇಲೆ ವಹಿಗಳನ್ನು ಶಾಲೆಗೆ ತನ್ನಿರಿ. ನಾವು ಕೂಡಿ ಓದುವೆವು.