ದನವನ್ನು ಬಿಟ್ಟು ಜನವನ್ನು ಕಾಯಬಹುದೇ?

ಆಪತ್ತಿನ ಕಾಲದಲ್ಲಿ ನಮ್ಮಲ್ಲಿ ಸುಲಭವಾಗಿ ಕೇಳಿಬರುವ ಮಾತೊಂದಿದೆ: ‘ಮೊದಲು ಮನುಷ್ಯ ಬದುಕಲಿ, ದನಕರುಗಳ ವಿಚಾರ ಆಮೇಲೆ.’ ಅಧಿಕಾರಿಗಳು ಇದನ್ನು ಹೇಳುತ್ತಾರೆ. ಪರಿಹಾರ ಕಾರ್ಯಕ್ಕೆ ಹೊರಡುವ ಧರ್ಮಸಂಸ್ಥೆಗಳೂ ಹೇಳುತ್ತವೆ. ಪ್ರಿಯ ಓದುಗರೇ, ವಿವೇಕದಂತೆ ತೋರುವ ಈ ಮಾತು ವಿವೇಕವೂ ಅಲ್ಲ, ಕರುಣೆಯೂ ಅಲ್ಲ. ದನವನ್ನು ಬಿಟ್ಟು ಜನವನ್ನು ಕಾಯಲು ಹೊರಟರೆ ಜನವನ್ನೂ ಕಾಯಲಾಗದು. ಯುದ್ಧಕಾಲದ ಇತಿಹಾಸವೂ ನಮ್ಮ ಕೃಷ್ಣಾತೀರವೂ ಇದಕ್ಕೆ ಸಾಕ್ಷಿ.

1939ರ ಸೆಪ್ಟೆಂಬರ್‌ನಲ್ಲಿ ಎರಡನೆಯ ಮಹಾಯುದ್ಧ ಆರಂಭವಾಯಿತು. ವಾಯುದಾಳಿಯಲ್ಲಿ ಪ್ರಾಣಿಗಳ ರಕ್ಷಣೆಗೆಂದು ಬ್ರಿಟನ್ನಿನಲ್ಲಿ ರಚಿತವಾಗಿದ್ದ ಸಮಿತಿಯೇ ಒಂದು ಸಲಹಾಪತ್ರ ಹೊರಡಿಸಿತ್ತು: ಸಾಕುಪ್ರಾಣಿಗಳನ್ನು ಹಳ್ಳಿಗೆ ಸಾಗಿಸಿರಿ, ನೋಡಿಕೊಳ್ಳುವವರು ಯಾರೂ ಸಿಗದಿದ್ದರೆ ಕೊಲ್ಲಿಸುವುದೇ ದಯೆ. ಸಾರ್ವಜನಿಕ ಆಶ್ರಯತಾಣಗಳಲ್ಲಿ ಅವುಗಳಿಗೆ ಪ್ರವೇಶವೂ ಇರಲಿಲ್ಲ. ಫಲವೇನಾಯಿತು? ಲಂಡನ್ನಿನಲ್ಲಿ ಮೊದಲ ವಾರದೊಳಗೇ ಸುಮಾರು 4 ಲಕ್ಷ ನಾಯಿ ಬೆಕ್ಕುಗಳನ್ನು ಒಡೆಯರೇ ಒಯ್ದು ಕೊಲ್ಲಿಸಿದರು. ನಗರದ ಮೇಲೆ ಭಾರೀ ಬಾಂಬ್ ದಾಳಿ ಆರಂಭವಾದದ್ದು 1940ರ ಸೆಪ್ಟೆಂಬರ್‌ನಲ್ಲಿ, ಅಂದರೆ ಒಂದು ವರ್ಷದ ಅನಂತರ! ಶತ್ರು ಕೊಲ್ಲುವ ಮುನ್ನವೇ ಭಯ ಕೊಂದಿತ್ತು. ಅದೇ ದಿನಗಳಲ್ಲಿ ಹ್ಯಾಮಿಲ್ಟನ್ನಿನ ಡಚೆಸ್ ನೀನಾ ಫರ್ನ್ ಎಂಬಲ್ಲಿನ ತಮ್ಮ ಎಸ್ಟೇಟನ್ನು ಇಂತಹ ಪ್ರಾಣಿಗಳಿಗೆ ತೆರೆದಿಟ್ಟರು. ಮನಸ್ಸಿದ್ದವರಿಗೆ ಬೇರೆ ದಾರಿಯಿತ್ತು ಎಂಬುದು ಇದರಿಂದ ಸ್ಪಷ್ಟ.

ಅದೇ ಯುದ್ಧದ ಇನ್ನೊಂದು ಚಿತ್ರ ನಮ್ಮ ಮಗ್ಗುಲಲ್ಲೇ ಇದೆ. ಸೋವಿಯತ್ ಆಡಳಿತ ತಾಯ್ನೆಲದಿಂದ ಗಡೀಪಾರು ಮಾಡಿದ್ದ ಪೋಲೆಂಡಿನ ಸುಮಾರು 5,000 ಜನ, ಬಹುಪಾಲು ಹೆಂಗಸರು ಮತ್ತು ಮಕ್ಕಳು, ಕೊಲ್ಲಾಪುರದ ಬಳಿಯ ವಳಿವಡೆಯ ಶಿಬಿರದಲ್ಲಿ 1943ರಿಂದ 1948ರವರೆಗೆ ಬಾಳಿದರು. ಅವರನ್ನು ಬರಿಯ ಹೊಟ್ಟೆಗಳೆಂದು ಎಣಿಸಿ ಗಂಜಿ ಬಡಿಸಿ ಸುಮ್ಮನಾಗಲಿಲ್ಲ. ಅಲ್ಲಿ ದೇವಾಲಯವಿತ್ತು, ಅವರದೇ ಭಾಷೆಯ ಶಾಲೆಗಳಿದ್ದವು, ಆಸ್ಪತ್ರೆಯಿತ್ತು. ಆಶ್ರಯವೆಂದರೆ ಮನುಷ್ಯನನ್ನು ಅವನ ಬದುಕಿನೊಡನೆ ಬರಮಾಡಿಕೊಳ್ಳುವುದು ಎಂಬ ಪಾಠ ಅದು.

ಆ ಬಯಲಿನ ಪಂಚಗಂಗೆ ನರಸೋಬಾವಾಡಿಯಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಆ ನೀರು ಮುಂದೆ ಖಿದ್ರಾಪುರದ ಎದುರು ದಂಡೆಯ ನಮ್ಮ ಜುಗೂಳಕ್ಕೆ ಬರುತ್ತದೆ. ಇಲ್ಲಿ ಯುದ್ಧವಿಲ್ಲ, ನೆರೆಯಿದೆ. 2005, 2019 ಮತ್ತು 2021ರಲ್ಲಿ ಕೃಷ್ಣೆ ಈ ತೀರದ ಊರುಗಳನ್ನು ಬಿಡಲಿಲ್ಲ. ಇಲ್ಲಿಯ ಒಕ್ಕಲಿಗೆ ಎಮ್ಮೆಯೆಂದರೆ ಎರಡು ಹೊತ್ತಿನ ಹಾಲು, ಮಗಳ ಶಾಲೆಯ ಶುಲ್ಕ, ಕಬ್ಬಿನ ಹಣ ಬರುವವರೆಗಿನ ಸಂಸಾರ. ಹೆಂಡತಿ ಮಕ್ಕಳನ್ನು ದೋಣಿ ಹತ್ತಿಸಿ ದನಗಳೊಡನೆ ಹಿಂದುಳಿಯುವವನನ್ನು ನಾವು ‘ಹಟಮಾರಿ’ ಎನ್ನುತ್ತೇವೆ. ಅವನು ಹಟಮಾರಿಯಲ್ಲ, ನಮ್ಮ ವ್ಯವಸ್ಥೆಯೇ ಅರೆಬರೆ. ಅವನನ್ನು ಕರೆತರಲು ಏರುವ ನೀರಿನಲ್ಲಿ ದೋಣಿ ಮತ್ತೊಮ್ಮೆ ಹೋಗಬೇಕಾಗುತ್ತದೆ. 2025ರ ಮೇ ತಿಂಗಳ ಸಂಘರ್ಷದಲ್ಲಿ ಜಮ್ಮು ಮತ್ತು ಪಂಜಾಬಿನ ಗಡಿಯ ಹಳ್ಳಿಗಳಲ್ಲಿಯೂ ದನಗಳಿಗೆ ಮೇವು ನೀರು ಕೊಡಲು ಕೆಲವರು ಶೆಲ್ ದಾಳಿಯ ನಡುವೆ ಉಳಿದುಕೊಂಡರು. ಎಲ್ಲೆಡೆಯೂ ಅದೇ ಕಥೆ.

ಕಾನೂನು ಏನನ್ನುತ್ತದೆ? 2005ರ ವಿಪತ್ತು ನಿರ್ವಹಣಾ ಕಾಯ್ದೆ ವಿಪತ್ತನ್ನು ವಿವರಿಸುವಾಗ ಜೀವಹಾನಿ, ಮಾನವ ಸಂಕಟ, ಆಸ್ತಿನಾಶ ಮತ್ತು ಪರಿಸರ ಹಾನಿಯನ್ನು ಹೆಸರಿಸುತ್ತದೆ. ದನದ ಹೆಸರಿಲ್ಲ, ಅದನ್ನು ಆಸ್ತಿಯ ಲೆಕ್ಕದಲ್ಲಿ ಹುಡುಕಬೇಕು. ಅದೇ 2005ರಲ್ಲಿ ಅಮೆರಿಕದಲ್ಲಿ ಕತ್ರೀನಾ ಚಂಡಮಾರುತ ಬೀಸಿದಾಗ ಸಾಕುಪ್ರಾಣಿಗಳನ್ನು ಬಿಟ್ಟು ಬರಲೊಲ್ಲದೆ ಅನೇಕರು ಮನೆಯಲ್ಲಿಯೇ ಉಳಿದರು. ಮರುವರ್ಷವೇ ಆ ದೇಶ ತೆರವು ಯೋಜನೆಗಳಲ್ಲಿ ಸಾಕುಪ್ರಾಣಿಗಳನ್ನೂ ಸೇರಿಸಬೇಕೆಂದು ಶಾಸನ ಮಾಡಿತು. ನಮ್ಮಲ್ಲಿ ಹಣವಿಲ್ಲವೆನ್ನುವಂತಿಲ್ಲ. ವಿಪತ್ತು ಪರಿಹಾರ ನಿಧಿಯ 2022ರಿಂದ 2026ರವರೆಗಿನ ಮಾನದಂಡಗಳಲ್ಲಿ ಸತ್ತ ಹಾಲೆಮ್ಮೆಗೆ 37,500 ರೂಪಾಯಿ ಇತ್ತು. ಜಾನುವಾರು ಶಿಬಿರದ ಮೇವಿಗೂ ಅವಕಾಶವಿತ್ತು. ಸತ್ತ ಮೇಲೆ ಕೊಡುವ ಹಣವನ್ನು ಸಾಯದಂತೆ ನೋಡಿಕೊಳ್ಳಲು ಬಳಸುವ ಬುದ್ಧಿ ನಮಗೇಕಿಲ್ಲ?

‘ದೋಣಿಯಲ್ಲಿ ಒಂದೇ ಜೀವಕ್ಕೆ ಸ್ಥಳವಿದ್ದರೆ?’ ಎಂದು ನೀವು ಕೇಳಬಹುದು. ಮಗುವಿಗೇ ಸ್ಥಳ, ಅದರಲ್ಲಿ ಸಂದೇಹವಿಲ್ಲ. ಆದರೆ ಅದು ಕೊನೆಯ ಗಳಿಗೆಯ ಪ್ರಶ್ನೆ. ಸಹ್ಯಾದ್ರಿಯಲ್ಲಿ ಮಳೆ ಸುರಿದು, ಕೊಯ್ನಾದಿಂದ ನೀರು ಬಿಟ್ಟು, ಅದು ನಮ್ಮ ದಂಡೆಗೆ ಬರುವವರೆಗೆ ಕಾಲಾವಕಾಶವಿದೆ. ಆ ಅವಕಾಶವನ್ನು ಕಳೆದುಕೊಂಡು, ಕೊನೆಗೆ ಅನಿವಾರ್ಯದ ಮಾತಾಡುವುದು ಸೋಮಾರಿತನಕ್ಕೆ ತೊಡಿಸಿದ ನೀತಿಯ ಅಂಗಿ.

ಪ್ರವಾದಿ ಯೋನನ ಕಥೆ ಹೇಗೆ ಮುಗಿಯುತ್ತದೆಂಬುದನ್ನು ನೆನೆಯಿರಿ. ನಿನೆವೆ ಪಟ್ಟಣವನ್ನು ಉಳಿಸಲು ಕಾರಣ ಹೇಳುವ ಸರ್ವೇಶ್ವರ ಅಲ್ಲಿಯ ಅಸಂಖ್ಯ ಜನರ ಜೊತೆಗೆ ದನಕರುಗಳನ್ನೂ ಲೆಕ್ಕಕ್ಕೆ ಹಿಡಿಯುತ್ತಾನೆ. ಆತ ಲೆಕ್ಕ ಹಾಕಿದ್ದನ್ನು ಲೆಕ್ಕದಿಂದ ಬಿಡಲು ನಾವಾರು?

ಆದ್ದರಿಂದ ಪ್ರತಿ ಮೇ ತಿಂಗಳೊಳಗೆ ಪಂಚಾಯಿತಿಗಳು ಎತ್ತರದ ಜಾಗ, ತಗಡಿನ ನೆರಳು, ಒಣಮೇವು, ಕುಡಿಯುವ ನೀರು, ಪಶುವೈದ್ಯ ಇವಿಷ್ಟನ್ನು ಗೊತ್ತುಮಾಡಲಿ. ಪ್ರತಿ ದನದ ಕಿವಿಯಲ್ಲಿ 12 ಅಂಕಿಯ ಓಲೆಯಿರಲಿ, ಕಳೆದದ್ದು ಒಡೆಯನಿಗೆ ಮರಳಲಿ. ಜನರ ಶಿಬಿರದಿಂದ ಕಾಲ್ನಡಿಗೆಯಲ್ಲಿ ತಲಪುವಷ್ಟು ಹತ್ತಿರದಲ್ಲಿ ದನದ ಶಿಬಿರವಿರಲಿ. ಹಾಲು ಕರೆದವನಿಗೆ ರಾತ್ರಿ ನಿದ್ದೆ ಬರುತ್ತದೆ.

ಇನ್ನು ನಮ್ಮ ಪಾಲಿನ ಪ್ರಶ್ನೆ. ದೇವಾಲಯಗಳಿಗೂ ಶಾಲೆಗಳಿಗೂ ಎತ್ತರದ, ಬೇಲಿಯಿರುವ ವಿಶಾಲ ಅಂಗಳಗಳಿವೆ. ಸಂತ್ರಸ್ತರಿಗೆ ಕೋಣೆಗಳನ್ನು ತೆರೆಯುವ ನಾವು, ಅವರ ಎಮ್ಮೆಗೆ ಮೈದಾನವನ್ನು ತೆರೆಯಲು ಹಿಂಜರಿಯುವುದೇಕೆ? ಸಗಣಿ ಬೀಳುತ್ತದೆಂದೇ? ಸಗಣಿಯನ್ನು ಒಂದು ಬೆಳಗಿನಲ್ಲಿ ಗುಡಿಸಬಹುದು. ಮುಳುಗಿದ ಸಂಸಾರವನ್ನು ಎತ್ತಿ ನಿಲ್ಲಿಸಲು ವರ್ಷಗಳೇ ಬೇಕು.